ಎರಡು ಪರದೆ, ಒಂದು ಮೇಜು

ರಾಷ್ಟ್ರಕೂಟರ ಮೂರನೆಯ ಕೃಷ್ಣನನ್ನು ಹೊಗಳುವ ಹತ್ತನೆಯ ಶತಮಾನದ ಕನ್ನಡ ಶಾಸನವೊಂದು ದೂರದ ಮಧ್ಯಪ್ರದೇಶದ ಮೈಹರ್ ಸಮೀಪದ ಜುರಾ ಎಂಬ ಹಳ್ಳಿಯಲ್ಲಿ ದೊರೆತಿದೆ. ಅದೇ ಅರಸನ ಕ್ರಿ.ಶ. 940ರ ತಾಮ್ರಪಟ ಸಿಕ್ಕಿದ್ದು ನಮ್ಮ ನೆರೆಯ ವರ್ಧಾ ಜಿಲ್ಲೆಯ ದೇವಳಿಯಲ್ಲಿ. ಸಾವನೇರ್ ಇರುವುದು ಇವೆರಡರ ನಡುವೆ. ನಾಗಪುರದಿಂದ ಛಿಂದ್ವಾಡಕ್ಕೆ ಹೋಗುವ ಹಾದಿಯಲ್ಲಿ, ಕಲ್ಲಿದ್ದಲ ಗಣಿಗಳ ನೆರೆಯಲ್ಲಿ. ಬೀದಿಯಲ್ಲಿ ಮರಾಠಿ, ಸ್ವಲ್ಪ ಮುಂದೆ ಹೋದರೆ ಹಿಂದಿ, ಮನೆಯೊಳಗೆ ಕನ್ನಡ. ಕಲ್ಲಿನ ಮೇಲೆ ಇಷ್ಟು ದೂರ ಬಂದ ಅಕ್ಷರ ನಮ್ಮ ಮಕ್ಕಳ ಕಣ್ಣಿಗೆ ಬೀಳದೆ ಹೋದೀತೇ ಎಂಬ ಅಳುಕು ಹೊರನಾಡಿನ ನಮಗೆಲ್ಲ ಇದ್ದದ್ದೇ.

ಈ ಅಳುಕಿಗೂ ಗಣಕಯಂತ್ರದ ಎರಡು ಪರದೆಗಳಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ನಮ್ಮ ಮನೆಯಲ್ಲಿ ಹಿರಿಯರು ಬರೆದ ಕಾಗದಗಳ ಒಂದು ಕಟ್ಟಿದೆ. ಮಸಿ ಮಾಸುತ್ತಿದೆ, ಮಡಿಕೆಗಳಲ್ಲಿ ಕಾಗದ ಹರಿಯುತ್ತಿದೆ. ಅವನ್ನು ಚಿತ್ರವಾಗಿ ತೆಗೆದು, ನೋಡಿಕೊಂಡು ಅಕ್ಷರ ಜೋಡಿಸಹೊರಟಾಗ ತಿಳಿಯಿತು: ಒಂದೇ ಪರದೆಯಲ್ಲಿ ಕಾಗದ ಕಂಡರೆ ಬರಹ ಕಾಣದು, ಬರಹ ಕಂಡರೆ ಕಾಗದ ಕಾಣದು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಮಾನಿಟರಿನ ನೆನಪಾದದ್ದು ಆಗ. ಗಣಕದಲ್ಲಿದ್ದದ್ದು ಬೆಲೆ ತೆರದೆ ಸಿಗುವ ಲಿನಕ್ಸ್. ಎರಡನ್ನೂ ಜೋಡಿಸಿದ ಮೇಲೆ, ಇದು ಇಷ್ಟು ಸುಲಭವಾದದ್ದು ಹೇಗೆ ಎಂದು ಹಿಂದಿನದನ್ನು ತಿರುವಿ ನೋಡಿದೆವು. ಆ ಕಥೆ ಸ್ವಾರಸ್ಯವಾಗಿದೆ.

ಲಿನಕ್ಸಿನ ಪರದೆಗೆ ಬಹುಕಾಲ ಆಧಾರವಾಗಿದ್ದುದು 'ಎಕ್ಸ್' ಎಂಬ ವ್ಯವಸ್ಥೆ. ಅದು ಹುಟ್ಟಿದ್ದು 1984ರಲ್ಲಿ, ಅಮೆರಿಕದ ಎಂ.ಐ.ಟಿ.ಯಲ್ಲಿ, ರಾಬರ್ಟ್ ಷೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಅದರ ಮೊದಲ ಕರ್ತೃಗಳು. 1987ರಲ್ಲಿ ಬಂದ ಅದರ ಹನ್ನೊಂದನೆಯ ಆವೃತ್ತಿಯೇ ಮುಂದೆ ನೆಲೆನಿಂತಿತು. ಒಂದು ಯಂತ್ರಕ್ಕೆ ಹಲವು ಪರದೆಗಳಿರಬಹುದೆಂಬ ಕಲ್ಪನೆ ಅದರಲ್ಲಿತ್ತು. ಆದರೆ ಪ್ರತಿ ಪರದೆಯೂ ಬೇರೆ ಬೇರೆ ರಾಜ್ಯ. ಮೌಸಿನ ಬಾಣ ಗಡಿ ದಾಟುತ್ತಿತ್ತು. ತೆರೆದ ಕಿಟಕಿ ಮಾತ್ರ ದಾಟಲಾರದು.

ಸಾವನೇರಿನವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ನಾಗಪುರದ ಇತವಾರಿಯಿಂದ ನಮ್ಮೂರ ಮೇಲೆ ಛಿಂದ್ವಾಡಕ್ಕೆ ಹೋಗುತ್ತಿದ್ದ ಕಿರುಹಳಿಯ ರೈಲು 2015ರವರೆಗೂ ಓಡಿತು. ಕಿರುಹಳಿಯ ಡಬ್ಬಿ ಅಗಲ ಹಳಿಯ ಮೇಲೆ ಓಡದು. ಎರಡು ಹಳಿ ಸೇರುವಲ್ಲಿ ಸಾಮಾನನ್ನು ಇಳಿಸಿ ಮತ್ತೆ ಏರಿಸಬೇಕು. ಹಳಿಯನ್ನೇ ಬದಲಿಸಿದ ಮೇಲೆ ಆ ತಾಪತ್ರಯ ತಪ್ಪಿತು. ಎಕ್ಸ್‌ನ ಪರದೆಗಳಲ್ಲಿಯೂ ನಡೆದದ್ದು ಇದೇ. ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿಯಲ್ಲಿ ರೂಪುಗೊಂಡ 'ಪನೋರಮಿಕ್ಸ್' ಎಂಬ ವಿಸ್ತರಣೆ 1998ರಲ್ಲಿ ಎಕ್ಸ್‌ಗೆ ಸೇರಿ, 'ಝಿನೆರಾಮ' ಎಂಬ ಹೆಸರು ಪಡೆಯಿತು. ಅದು ಹಲವು ಪರದೆಗಳನ್ನು ಒಂದೇ ದೊಡ್ಡ ಅಂಗಳವನ್ನಾಗಿ ಮಾಡಿತು. 2000ದಲ್ಲಿ ಎಕ್ಸ್‌ಫ್ರೀ86ರ ನಾಲ್ಕನೆಯ ಆವೃತ್ತಿಯೊಡನೆ ಈ ಸೌಕರ್ಯ ಲಿನಕ್ಸ್ ಬಳಸುವ ಸಾಮಾನ್ಯರ ಕೈಗೆ ಬಂತು.

ಬಂತು, ನಿಜ, ಸುಲಭವಾಗಲಿಲ್ಲ. ಪರದೆಯ ಅಳತೆ, ಯಾವುದು ಎಡ, ಯಾವುದು ಬಲ ಎಂಬುದನ್ನೆಲ್ಲ ಒಂದು ಕಡತದಲ್ಲಿ ಕೈಯಾರೆ ಬರೆಯಬೇಕಾಗಿತ್ತು. ಒಂದು ಸಾಲು ತಪ್ಪಿದರೆ ಎದುರಿಗೆ ಬರಿಯ ಕತ್ತಲೆ. ಈ ಪಾಡನ್ನು ತಪ್ಪಿಸಿದ್ದು 'ರ್ಯಾಂಡರ್' ಎಂಬ ವಿಸ್ತರಣೆ. ಇದನ್ನು ರೂಪಿಸಿದವರು ಕೀತ್ ಪ್ಯಾಕರ್ಡ್ ಮತ್ತು ಎಕ್ಸ್‌ನ ಹುಟ್ಟಿನಲ್ಲಿದ್ದ ಅದೇ ಜಿಮ್ ಗೆಟ್ಟಿಸ್. 2007ರಲ್ಲಿ ಬಂದ ಅದರ 1.2ನೆಯ ಆವೃತ್ತಿಯಿಂದ, ಗಣಕ ನಡೆಯುತ್ತಿರುವಾಗಲೇ ಮಾನಿಟರ್ ಸೇರಿಸುವುದೂ ತೆಗೆಯುವುದೂ ಸಾಧ್ಯವಾಯಿತು. 2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಆರಂಭಿಸಿದ 'ವೇಲ್ಯಾಂಡ್' ಎಕ್ಸ್‌ನ ಜಾಗಕ್ಕೇ ಬರತೊಡಗಿತು. 2016ರಲ್ಲಿ ಫೆಡೋರಾ 25 ಅದನ್ನೇ ತನ್ನ ಮೊದಲ ಆಯ್ಕೆಯಾಗಿಸಿಕೊಂಡಿತು. ಒಂದು ಪರದೆ ಹೊಸದು, ಇನ್ನೊಂದು ಹಳೆಯದು ಎಂಬ ಮನೆಗಳಿಗೆ, ಒಂದೊಂದು ಪರದೆಗೂ ಬೇರೆ ಬೇರೆ ಅಕ್ಷರ ಗಾತ್ರ ಕೊಡಬಲ್ಲ ವೇಲ್ಯಾಂಡ್ ಅನುಕೂಲವೇ.

ಪರದೆ ಎರಡಾದರೆ ಸಾಲದು, ಅದರಲ್ಲಿ ಕನ್ನಡ ಮೂಡಬೇಕು. ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಜಗತ್ತಿಗೆ ತಿಳಿಸಿದ್ದು 1991ರ ಆಗಸ್ಟ್ 25ರಂದು. ಅದೇ ವರ್ಷ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಮನೆ ದೊರೆಯಿತು. ಭಾರತದ ಇಸ್ಕಿ ಸಂಕೇತದ ಕ್ರಮವನ್ನು ಅನುಸರಿಸಿದ್ದರಿಂದ, ಮರಾಠಿಯ 'ಕ' ತನ್ನ ಸಾಲಿನಲ್ಲಿ ಎಷ್ಟನೆಯದೋ ಕನ್ನಡದ 'ಕ' ತನ್ನ ಸಾಲಿನಲ್ಲಿ ಅಷ್ಟನೆಯದೇ. ನಮ್ಮಂತಹ ಎರಡು ಲಿಪಿಯ ಮನೆಗಳಿಗೆ ಇದು ಹಿತವಾದ ವಿಷಯ. ಆದರೂ ಒತ್ತಕ್ಷರ, ಅರ್ಕಾವತ್ತು ತಮ್ಮ ತಮ್ಮ ಜಾಗದಲ್ಲಿ ಕೂರಲು ಕಾಲ ಹಿಡಿಯಿತು. ಅಕ್ಷರ ಜೋಡಿಸುವ 'ಪ್ಯಾಂಗೊ' 2002ರ ಜಿ.ಟಿ.ಕೆ. ಎರಡನೆಯ ಆವೃತ್ತಿಯೊಡನೆ ನೆಲೆಯೂರಿತು. ಮುಂದೆ 'ಹಾರ್ಫ್‌ಬಜ್' ಆ ಕೆಲಸ ವಹಿಸಿಕೊಂಡಿತು. ಲೋಹಿತ್ ಕನ್ನಡದಂತಹ ಉಚಿತ ಅಕ್ಷರರೂಪಗಳೂ ಇವೆ. ಕೆ. ಪಿ. ರಾವ್ ಅವರು ರೂಪಿಸಿದ, 'ನುಡಿ'ಯಿಂದ ಮನೆಮಾತಾದ ಕೀಲಿಮಣೆ ಲಿನಕ್ಸಿನಲ್ಲಿಯೂ ಸಿಗುತ್ತದೆ. ನಡುವೆ 'ಎಫ್' ಒತ್ತಿದರೆ ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿಯುತ್ತದೆ.

ಮಾಡಿ ನೋಡಬಯಸುವವರಿಗೆ ನಾಲ್ಕು ಮಾತು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎರಡೂ ಕೇಬಲ್ಲುಗಳನ್ನು ಅದಕ್ಕೇ ಸಿಕ್ಕಿಸಿ. ಹಳೆಯ ಮಾನಿಟರಿನ ನೀಲಿ ವಿ.ಜಿ.ಎ. ತುದಿಯನ್ನು ಎಚ್.ಡಿ.ಎಂ.ಐ. ಕಿಂಡಿಗೆ ಕೂಡಿಸಲು ಬರಿಯ ತಂತಿ ಸಾಲದು, ಸಂಕೇತ ಬದಲಿಸುವ ಕನ್ವರ್ಟರ್ ಬೇಕು. ಬಳಿಕ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ವಿಭಾಗ ತೆರೆಯಿರಿ. ಎರಡರಲ್ಲೂ ಒಂದೇ ದೃಶ್ಯ ತೋರಿಸುವ ಪ್ರತಿಬಿಂಬದ ಬಗೆಯನ್ನು ಬಿಟ್ಟು, ಎರಡನ್ನೂ ಸೇರಿಸುವ ಬಗೆಯನ್ನು ಆರಿಸಿ. ಮೇಜಿನ ಮೇಲೆ ಮಾನಿಟರುಗಳು ಹೇಗಿವೆಯೋ ಹಾಗೆಯೇ ಚಿತ್ರದ ಚೌಕಗಳನ್ನೂ ಎಳೆದು ಇಡಿ. ಇಲ್ಲವಾದರೆ ಬಲಕ್ಕೆ ಸರಿಸಿದ ಬಾಣ ಎಡದಲ್ಲಿ ಹುಟ್ಟಿ ತಲೆ ಕೆಡಿಸುತ್ತದೆ.

ಈಗ ನಮ್ಮ ಮೇಜಿನ ಎಡ ಪರದೆಯಲ್ಲಿ ಹಿರಿಯರ ಕಾಗದ, ಬಲ ಪರದೆಯಲ್ಲಿ ನಮ್ಮ ಪ್ರತಿ. ಕನ್ನಡ ಮಾತಾಡಬಲ್ಲ, ಆದರೆ ಓದಲು ತಡವರಿಸುವ ಮಕ್ಕಳು ಪಕ್ಕದಲ್ಲಿ ಕುಳಿತು, ಕೈಬರಹದ ಒಂದು ಅಕ್ಷರ, ಅಚ್ಚಿನಂತಹ ಒಂದು ಅಕ್ಷರ ಎಂದು ಹೋಲಿಸಿ ನೋಡುತ್ತಾರೆ. 'ಉಭಯ ಕುಶಲೋಪರಿ' ಎಂದರೇನು ಎಂದು ಕೇಳುತ್ತಾರೆ. ಎಂದೂ ಕಾಣದ ಹಿರಿಯರ ಜ್ವರ, ಮಳೆ, ಮದುವೆ, ಸಾಲಗಳ ಸುದ್ದಿ ಓದಿ ಸುಮ್ಮನಾಗುತ್ತಾರೆ. ಅಕ್ಷರಮಾಲೆಯ ಪುಸ್ತಕದಿಂದ ಆಗದಿದ್ದ ಕೆಲಸವನ್ನು ಈ ಕಾಗದಗಳು ಮಾಡುತ್ತಿವೆ.

ಬಂಧುಗಳೇ, ನಿಮ್ಮ ಮನೆಯ ಟ್ರಂಕಿನಲ್ಲಿಯೂ ಇಂತಹ ಒಂದು ಕಟ್ಟು ಇದ್ದೀತು. ಕಲ್ಲು ಸಾವಿರ ವರ್ಷ ಬಾಳಿತು. ಕಾಗದಕ್ಕೆ ಅಷ್ಟು ಆಯುಸ್ಸಿಲ್ಲ. ಬಿಡುವಿನ ದಿನ ಒಂದೇ ಒಂದು ಪುಟವನ್ನಾದರೂ ಎತ್ತಿ ಬರೆಯಿರಿ. ಎರಡನೆಯ ಪರದೆ ಇಲ್ಲದಿದ್ದರೆ ಕಾಗದವನ್ನೇ ಪಕ್ಕದಲ್ಲಿಟ್ಟುಕೊಳ್ಳಿ. ಮಕ್ಕಳನ್ನು ಮಾತ್ರ ಜೊತೆಯಲ್ಲಿ ಕೂರಿಸಿಕೊಳ್ಳಿ.