ಒಂಟೆಯ ಹಿಂಡು, ಒಡೆದ ಮಧ್ಯಪದ

ಹತ್ತನೇ ತರಗತಿಯಲ್ಲಿ ವರ್ಗ ಸಮೀಕರಣ ಬಿಡಿಸುವುದನ್ನು ಅಪವರ್ತನದಿಂದ ಶುರುಮಾಡುತ್ತೇವೆ, ಸೂತ್ರ ಆಮೇಲೆ. ಇತಿಹಾಸ ನಡೆದದ್ದು ತಿರುವುಮುರುವಾಗಿ. ಸೂತ್ರದ ಹಿಂದಿರುವ ಯುಕ್ತಿಗೆ ಮೂರೂವರೆ ಸಾವಿರಕ್ಕೂ ಹೆಚ್ಚು ವರ್ಷ ವಯಸ್ಸು. ಅಪವರ್ತಿಸಿ ಬಿಡಿಸುವುದು ಸುಮಾರು ನಾನೂರು ವರ್ಷದ ಕೂಸು.

ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಬ್ಯಾಬಿಲೋನಿನ ಒಂದು ಜೇಡಿಮಣ್ಣಿನ ಹಲಗೆ ಕೇಳುತ್ತದೆ: ಚೌಕದ ವಿಸ್ತೀರ್ಣಕ್ಕೆ ಅದರ ಬಾಹು ಕೂಡಿದರೆ ಮುಕ್ಕಾಲು, ಬಾಹು ಎಷ್ಟು? ಒಂದನ್ನು ಅರ್ಧ ಮಾಡು, ವರ್ಗಿಸು, ಮುಕ್ಕಾಲಿಗೆ ಸೇರಿಸು. ಬಂದದ್ದರ ವರ್ಗಮೂಲದಲ್ಲಿ ಅರ್ಧ ಕಳೆ. ಉತ್ತರ ಅರ್ಧ. ವರ್ಗ ಪೂರ್ಣಗೊಳಿಸುವುದೆಂದರೆ ಇದೇ. 628ರಲ್ಲಿ ಬ್ರಹ್ಮಗುಪ್ತ ಇದಕ್ಕೆ ಸಾಮಾನ್ಯ ನಿಯಮ ಕೊಟ್ಟ, ಸೊನ್ನೆಗೂ ಋಣಸಂಖ್ಯೆಗೂ ಲೆಕ್ಕದ ಕಟ್ಟಳೆ ಬರೆದ. ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ಋಣಸಂಖ್ಯೆಯನ್ನು ದೂರವಿಟ್ಟದ್ದರಿಂದ ಒಂದೇ ಸಮೀಕರಣವನ್ನು ಹಲವು ಬಗೆಗಳಾಗಿ ಸೀಳಬೇಕಾಯಿತು. ಭಿನ್ನರಾಶಿಯ ಕಾಟ ತಪ್ಪಿಸುವ ಶ್ರೀಧರನ ನಿಯಮ ನಮಗೆ ದಕ್ಕಿರುವುದು ಭಾಸ್ಕರ ಅದನ್ನು ಉಲ್ಲೇಖಿಸಿದ್ದರಿಂದ.

ನಮ್ಮ ನೆಲದ ಲೆಕ್ಕವೂ ಒಂದಿದೆ. ನೃಪತುಂಗನ ಕಾಲದ ಮಹಾವೀರಾಚಾರ್ಯ ಸುಮಾರು 850ರಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಒಂಟೆಗಳ ಹಿಂಡು ಬರುತ್ತದೆ. ಕಾಲು ಭಾಗ ಕಾಡಿನಲ್ಲಿ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಲ್ಲಿ, ಉಳಿದ 15 ಹೊಳೆದಂಡೆಯಲ್ಲಿ. ಒಟ್ಟು ಎಷ್ಟು? ವರ್ಗಮೂಲವನ್ನು ಯ ಎಂದುಕೊಂಡರೆ 3ಯ² − 8ಯ − 60 = 0. ಇಂದಿನ ಹುಡುಗಿ −8ಯ ಅನ್ನು −18ಯ + 10ಯ ಎಂದು ಒಡೆದು (ಯ − 6)(3ಯ + 10) ಪಡೆಯುತ್ತಾಳೆ; ಯ = 6, ಒಂಟೆಗಳು 36. ಮಹಾವೀರ ಒಡೆಯಲಿಲ್ಲ. ಅವನ ನಿಯಮ ಸಹಗುಣಕವನ್ನು ಅರ್ಧಿಸಿ, ವರ್ಗಿಸಿ, ಮೂಲ ತೆಗೆಯುವ ಹಳೆಯ ದಾರಿಯದೇ.

ಒಡೆಯುವ ಯೋಚನೆ ಬರದಿದ್ದುದಕ್ಕೆ ಕಾರಣವುಂಟು. ಎಲ್ಲ ಪದಗಳನ್ನೂ ಒಂದೇ ಬದಿಗೆ ತಂದು ಆಚೆ ಸೊನ್ನೆ ನಿಲ್ಲಿಸದ ಹೊರತು ಗುಣಲಬ್ಧ ಸೊನ್ನೆಯಾದರೆ ಅಪವರ್ತನಗಳಲ್ಲಿ ಒಂದು ಸೊನ್ನೆ ಎಂಬ ತರ್ಕಕ್ಕೆ ಕೆಲಸವಿಲ್ಲ. ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಸಮೀಕರಣವನ್ನು ಅಪವರ್ತನಗಳ ಗುಣಲಬ್ಧವಾಗಿ ಕಟ್ಟಿದ್ದು ಅವನು ತೀರಿಕೊಂಡ ಮೇಲೆ, 1631ರಲ್ಲಿ ಅಚ್ಚಾಯಿತು. 1637ರಲ್ಲಿ ಡೆಕಾರ್ಟ್ ಯ − 2 ಮತ್ತು ಯ − 3 ಗುಣಿಸಿ ಯ² − 5ಯ + 6 = 0 ಮಾಡಿ ತೋರಿಸಿದ. ಬೀಜಗಣಿತದ ಮುಂದಿನ ಎಷ್ಟೋ ದಾರಿ ಇಲ್ಲಿಂದಲೇ ಹೊರಟಿತು. ಆ ದೃಷ್ಟಿಯಿಂದ ಅಪವರ್ತನ ಕಲಿಸಬೇಕಾದದ್ದೇ.

ಆದರೆ ಬಿಡಿಸುವ ಉಪಾಯವಾಗಿ ಅದು ನಡೆಯುವುದು ಪಠ್ಯಪುಸ್ತಕದವರ ಕೃಪೆಯಿಂದ. ಒಂಟೆಗಳ ಲೆಕ್ಕದ ಶೋಧಕ (ಸೂತ್ರದಲ್ಲಿ ವರ್ಗಮೂಲದೊಳಗೆ ಬರುವ ಸಂಖ್ಯೆ) 784, ಅಂದರೆ 28ರ ವರ್ಗ. ಅದಕ್ಕೇ ಸಲೀಸಾಗಿ ಒಡೆಯಿತು. 60ರ ಜಾಗದಲ್ಲಿ 61 ಇಟ್ಟು ನೋಡಿ, ಶೋಧಕ 796. ಪೂರ್ಣಾಂಕಗಳಲ್ಲಿ ಎಷ್ಟು ತಡಕಾಡಿದರೂ ಜೋಡಿ ಸಿಗದು. ಸಿಗುತ್ತದೋ ಇಲ್ಲವೋ ಮೊದಲೇ ಗೊತ್ತಿಲ್ಲದೆ ಪರೀಕ್ಷೆಯಲ್ಲಿ ಮಕ್ಕಳು ನಿಮಿಷಗಟ್ಟಲೆ ಕಳೆಯುತ್ತಾರೆ.

2019ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪೋ-ಶೆನ್ ಲೋ ಪ್ರಚಾರಕ್ಕೆ ತಂದ ವಿಧಾನ ಈ ಊಹೆಯನ್ನೇ ಕೈಬಿಡುತ್ತದೆ. ಹೊಸತೆಂದು ಸುದ್ದಿಯಾದರೂ ಅದರ ಬೇರು ಬ್ಯಾಬಿಲೋನಿನವರೆಗೆ ಹೋಗುತ್ತದೆ. ಯ² − 8ಯ + 11 = 0 ಇರಲಿ. ಮೂಲಗಳ ಮೊತ್ತ 8, ಹಾಗಾಗಿ ಸರಾಸರಿ 4. ಒಂದು ಮೂಲ ನಾಲ್ಕಕ್ಕಿಂತ ಎಷ್ಟು ಹೆಚ್ಚೋ ಇನ್ನೊಂದು ಅಷ್ಟೇ ಕಡಿಮೆ. ಗುಣಲಬ್ಧ 11 ಆಗಬೇಕಾದರೆ 16ರಲ್ಲಿ ಆ ವ್ಯತ್ಯಾಸದ ವರ್ಗ ಕಳೆದು 11 ಉಳಿಯಬೇಕು, ಅಂದರೆ ವರ್ಗ 5. ಮೂಲಗಳು 4 + √5 ಮತ್ತು 4 − √5.