ಅಡಿಕೆಯ ಲಾಟು, ಬೆಲೆಯ ಗುಟ್ಟು

ಶಿಕಾರಿಪುರದ ಸಮೀಪದ ಬಳ್ಳಿಗಾವೆಯು ಇಂದು ಕೇದಾರೇಶ್ವರನನ್ನೂ ತ್ರಿಪುರಾಂತಕನನ್ನೂ 1047ರ ಗಂಡಭೇರುಂಡ ಸ್ತಂಭವನ್ನೂ ನೋಡಲು ಬರುವವರ ಊರಾಗಿ ಉಳಿದಿದ್ದರೂ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ಹನ್ನೆರಡು ಸಾಸಿರದ ರಾಜಧಾನಿಯಾಗಿ, ವಣಿಕ್ ಸಮುದಾಯಗಳು ನೆಲೆಸಿದ್ದ ಮಹಾಪಟ್ಟಣವಾಗಿ ಮೆರೆದಿತ್ತು. ಬಿ. ಎಲ್. ರೈಸರು ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು 1902ರಲ್ಲಿಯೂ, ಸೊರಬದವನ್ನು 1904ರಲ್ಲಿಯೂ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಾಗಿ ಹೊರತಂದಾಗ, ಹೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕಗಳ ಹೆಸರುಗಳೂ, ದೇವರಿಗೆ ಬಿಟ್ಟ ಅಡಿಕೆಯ ತೋಟಗಳೂ, ಸೆಟ್ಟಿಗಳ ದಾನಗಳೂ ಬೆಳಕಿಗೆ ಬಂದುವು. ಸರಕಿಗೆ ಸುಂಕವೆಷ್ಟೆಂಬುದನ್ನು ಕಲ್ಲಿನಲ್ಲಿ ಕೊರೆಸಿದವರು ಸರಕಿನ ಬೆಲೆಯನ್ನು ಸಾಮಾನ್ಯವಾಗಿ ಕೊರೆಸಲಿಲ್ಲ. ಬೆಲೆಯು ಕೊಳ್ಳುವವನಿಗೂ ಮಾರುವವನಿಗೂ ನಡುವಣ ವಿಷಯವೆಂದು ಅರಸನು ಸುಮ್ಮನಿದ್ದಿರಬೇಕು. ಈ ಸೀಮೆಯ ಅಡಿಕೆ ವ್ಯಾಪಾರದ ಮುಂದಿನ ಚರಿತ್ರೆಯ ಬಹುಭಾಗವೆಲ್ಲ ಆ ನಡುವಣ ವಿಷಯವನ್ನು ಯಾರು ಯಾರಿಂದ ಮರೆಮಾಚಬಹುದೆಂಬ ಪ್ರಶ್ನೆಯ ಚರಿತ್ರೆಯೇ ಆಗಿದೆ.

ಸೊರಬವು ಮಲೆನಾಡಿನ ಅಂಚು. ದಂಡಾವತಿ, ವರದಾ ನದಿಗಳ ಸುತ್ತಣ ಕಣಿವೆಗಳಲ್ಲಿ ತೋಟಗಳು ಹಳೆಯವು. ಶಿಕಾರಿಪುರವು ಬಯಲಿಗೆ ತೆರೆದುಕೊಳ್ಳುವ ನಾಡು. ಕುಮುದ್ವತಿಯ ಮೇಲಿನ ಅಂಜನಾಪುರದ ಜಲಾಶಯ ಮತ್ತು ಊರೂರ ಕೆರೆಗಳ ನೀರಿನಿಂದ ಮೊದಲು ಭತ್ತವನ್ನು ಬೆಳೆದ ಗದ್ದೆಗಳೂ ಕೊಳವೆಬಾವಿಯ ಬಲದಿಂದ ಈಚಿನ ದಶಕಗಳಲ್ಲಿ ಅಡಿಕೆಗೆ ತಿರುಗಿವೆ. 1800–01ರಲ್ಲಿ ಬನವಾಸಿ, ಚಂದ್ರಗುತ್ತಿ, ಇಕ್ಕೇರಿಗಳ ಮಾರ್ಗವಾಗಿ ಪ್ರಯಾಣ ಮಾಡಿದ ಫ್ರಾನ್ಸಿಸ್ ಬುಕಾನನ್ನನು ಈ ಪ್ರಾಂತದ ತೋಟಗಳ ಬೇಸಾಯವನ್ನು ಸಾವಧಾನವಾಗಿ ಬರೆದಿಟ್ಟಿದ್ದಾನೆ. ತೋಟಿಗನಿಗೆ ವರ್ಷದ ಖರ್ಚಿಗೆ ಮುಂಗಡವನ್ನು ಕೊಟ್ಟ ವರ್ತಕನಿಗೇ ಆತನ ಅಡಿಕೆಯು ಸಲ್ಲುವ ಪದ್ಧತಿಯು ಬಹುಕಾಲ ನಡೆದುಬಂದಿತು. ಸಾಲ ಕೊಟ್ಟವನೇ ಕೊಳ್ಳುವವನೂ ಆದಲ್ಲಿ ಹರಾಜಿಗೆ ಅವಕಾಶವೆಲ್ಲಿಯದು? ಹರಾಜು ಹುಟ್ಟಬೇಕಾದರೆ ಒಂದೇ ರಾಶಿಯ ಮುಂದೆ ಇಬ್ಬರಾದರೂ ಕೊಳ್ಳುವವರು ನಿಲ್ಲಬೇಕು. ಅಂಥವರು ನೆರೆಯುವ ಪೇಟೆಗಳು ಬೆಳೆಯಲು ರಸ್ತೆಗಳು ಬೇಕಾದುವು, 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಬಂದ ರೈಲು ಬೇಕಾಯಿತು.

ಪೇಟೆ ಬೆಳೆದ ಕಡೆಗಳಲ್ಲೆಲ್ಲ ಬೆಲೆಯನ್ನು ಬಾಯಿಬಿಟ್ಟು ಕೂಗದೆ ಕೈಯಿಂದ ಹೇಳುವ ಒಂದು ವಿದ್ಯೆಯೂ ಬೆಳೆಯಿತು. ದೇಶದ ಧಾನ್ಯ, ಹತ್ತಿಗಳ ಪೇಟೆಗಳಲ್ಲಿ ಒಂದು ಕಾಲಕ್ಕೆ ಸರ್ವಸಾಮಾನ್ಯವಾಗಿದ್ದು, ನಮ್ಮ ದನದ ಜಾತ್ರೆಗಳಲ್ಲಿ ಇಂದಿಗೂ ಕಾಣಸಿಗುವ ಈ ವಿದ್ಯೆಯ ಕ್ರಮವು ಹೀಗೆ: ದಲ್ಲಾಳಿಯು ಹೆಗಲಿನ ವಲ್ಲಿಯನ್ನು ತನ್ನ ಮುಂಗೈಯ ಮೇಲೆ ಇಳಿಬಿಡುವನು, ಕೊಳ್ಳುವವನು ಅದರ ಕೆಳಗೆ ಕೈಯನ್ನು ತೂರಿಸಿ, ದಲ್ಲಾಳಿಯ ಬೆರಳುಗಳಲ್ಲಿ ಒಂದನ್ನೋ ಎರಡನ್ನೋ, ಇಲ್ಲವೆ ಇಡಿಯ ಹಸ್ತವನ್ನೋ ಹಿಡಿದು ಅದುಮುವನು. ಹಿಡಿದ ಬೆರಳು ಹತ್ತೋ ನೂರೋ ಎಂಬುದು ಅಂದಿನ ಧಾರಣೆಯನ್ನು ಬಲ್ಲ ಇಬ್ಬರಿಗೂ ಹೇಳದೆಯೇ ತಿಳಿಯುವ ಸಂಗತಿ. ಮುಖದಲ್ಲಿ ಮಾತ್ರ ಯಾವ ಭಾವವೂ ತೋರಕೂಡದು. ಬಾಯಿ ಮಳೆಯ ಮಾತನ್ನೋ ಮಗಳ ಮದುವೆಯ ಮಾತನ್ನೋ ಆಡುತ್ತಿರಬೇಕು. ಎರಡಡಿ ದೂರದಲ್ಲಿ ನಿಂತ ಮಾಲಿನ ಒಡೆಯನಿಗೆ ತನ್ನ ಮಾಲಿಗೆ ಎಷ್ಟು ಮಂದಿ ಎಷ್ಟೆಷ್ಟು ಹೇಳಿದರೆಂಬುದೇ ತಿಳಿಯದು; ದಲ್ಲಾಳಿಯು ಕೊನೆಯಲ್ಲಿ ಹೇಳಿದುದೇ ಬೆಲೆ. ಕಲೆಯೆಂದು ಇದನ್ನು ಮೆಚ್ಚುವವರು ಉಂಟು. ಆದರೆ ಮೆಚ್ಚುವವರಲ್ಲಿ ರೈತರು ಕಡಿಮೆಯೆಂಬುದನ್ನು ಮರೆಯಲಾಗದು.

ಪೇಟೆಗಳ ಇಂಥ ಅಕ್ರಮಗಳನ್ನು ತಡೆಯಲು 1897ರಲ್ಲಿಯೇ ಬೇರಾರಿನ ಹತ್ತಿ ಮತ್ತು ಧಾನ್ಯದ ಪೇಟೆಗಳಿಗೆ ಕಾನೂನು ಬಂದಿದ್ದಿತು. 1928ರಲ್ಲಿ ವರದಿಯನ್ನು ಒಪ್ಪಿಸಿದ ರಾಯಲ್ ಕೃಷಿ ಆಯೋಗವು ದೇಶದಲ್ಲೆಲ್ಲ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದಿತು. 1939ರಲ್ಲಿ ಮೈಸೂರು ಸಂಸ್ಥಾನವೂ ಮುಂಬಯಿ ಪ್ರಾಂತವೂ ತಮ್ಮ ತಮ್ಮ ಕಾಯಿದೆಗಳನ್ನು ಮಾಡಿದುವು. ಸೊರಬದ ಗಡಿಯನ್ನು ದಾಟಿದರೆ ಅಂದು ಮುಂಬಯಿ ಸರಕಾರದ ಶಿರಸಿ. ಅಲ್ಲಿ ತೋಟಗಾರರು 1923ರಷ್ಟು ಹಿಂದೆಯೇ ತಮ್ಮದೇ ಸಹಕಾರಿ ಮಾರಾಟ ಸಂಘವನ್ನು ಕಟ್ಟಿಕೊಂಡಿದ್ದರು. ಗಡಿಯ ಈಚೆ, 1939ರಲ್ಲಿ, ಶಿವಮೊಗ್ಗದಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘವು, ಎಂದರೆ ಜನರ ಬಾಯಿಯ ಮ್ಯಾಮ್‌ಕೋಸು, ಹುಟ್ಟಿತು. ದಲ್ಲಾಳಿಯ ಕೈಯನ್ನು ಕಾಯಿದೆಯು ಹಿಡಿಯುವುದಕ್ಕೂ ಮೊದಲು ರೈತರ ಸಂಘವೇ ಹಿಡಿಯಿತೆಂದರೆ ಅತಿಶಯೋಕ್ತಿಯಾಗಲಾರದು. ಏಕೀಕರಣದ ತರುವಾಯ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯು ಇಡೀ ರಾಜ್ಯಕ್ಕೆ ಒಂದೇ ಕಟ್ಟಳೆಯನ್ನು ತಂದಿತು: ಮಾಲು ಪ್ರಾಂಗಣಕ್ಕೆ ಬರಬೇಕು, ಬಯಲು ಹರಾಜಿನಲ್ಲಿಯೋ ಟೆಂಡರಿನಲ್ಲಿಯೋ ಮಾರಾಟವಾಗಬೇಕು, ಶುಲ್ಕವನ್ನು ಕೊಂಡವನೇ ತೆರಬೇಕು.

ಅಡಿಕೆಗೆ ಒಗ್ಗಿದುದು ಟೆಂಡರೇ. ಮಂಡಿಯ ಅಂಗಳದಲ್ಲಿ ಒಬ್ಬೊಬ್ಬ ರೈತನ ಮಾಲೂ ಒಂದೊಂದು ಲಾಟಾಗಿ ನಂಬರು ಹೊತ್ತು ಕೂರುವುದು. ಖರೀದಿದಾರನು ಲಾಟಿನಿಂದ ಲಾಟಿಗೆ ನಡೆಯುತ್ತ, ಮುಷ್ಟಿಯಷ್ಟನ್ನು ತೆಗೆದು ಅಂಗೈಯಲ್ಲಿ ಕುಲುಕಿ ಸದ್ದನ್ನು ಕೇಳುವನು; ಒಂದನ್ನು ಕತ್ತರಿಸಿ ಒಳಗಣ ಗೆರೆಗಳನ್ನು ನೋಡುವನು; ಚೊಗರಿನ, ಎಂದರೆ ಅಡಿಕೆ ಬೇಯಿಸಿದ ಕಷಾಯದ, ಬಣ್ಣ ಏರಿದ ಬಗೆಯಿಂದ ಬೇಯಿಸಿದ ಒಲೆಯ ಹದವನ್ನು ಊಹಿಸುವನು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ವರ್ಗಗಳಿದ್ದರೂ, ಒಂದು ರಾಶಿಗೂ ಇನ್ನೊಂದು ರಾಶಿಗೂ ಕ್ವಿಂಟಲಿಗೆ ಸಾವಿರಾರು ರೂಪಾಯಿಗಳ ಅಂತರವು ಈ ಅರೆಕ್ಷಣದ ಪರೀಕ್ಷೆಯಲ್ಲಿ ನಿರ್ಣಯವಾಗುತ್ತದೆ. ಬಳಿಕ ಚೀಟಿಯಲ್ಲಿ ಬೆಲೆಯನ್ನು ಬರೆದು ಪೆಟ್ಟಿಗೆಗೆ ಹಾಕಿದರೆ ಅವನ ಕೆಲಸ ಮುಗಿಯುತ್ತಿತ್ತು. ವಲ್ಲಿಯ ಗುಟ್ಟು ಹೋಗಿ ಚೀಟಿಯ ಗುಟ್ಟು ಬಂದಿತೆನ್ನಬಹುದು. ಆದರೆ ಈ ಗುಟ್ಟು ಇನ್ನೊಬ್ಬ ವರ್ತಕನಿಂದ ಮರೆಮಾಚಿದುದೇ ಹೊರತು, ಚೀಟಿಯನ್ನು ಬಿಚ್ಚಿದ ಮೇಲೆ ರೈತನಿಂದಲ್ಲ.

2014ರಲ್ಲಿ ಕರ್ನಾಟಕವು ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ತೆರೆದು ಚೀಟಿಯ ಸ್ಥಾನದಲ್ಲಿ ಕಂಪ್ಯೂಟರನ್ನು ಇರಿಸಿತು. ಲಾಟಿನ ನಂಬರನ್ನು ಒತ್ತಿ ಬೆಲೆಯನ್ನು ನಮೂದಿಸಿದರೆ, ಗೊತ್ತಾದ ಗಳಿಗೆಗೆ ಅತ್ಯಧಿಕವಾದುದು ತಾನಾಗಿ ಹೊರಬೀಳುವುದು. ಒಪ್ಪಿಗೆಯಾಗದಿದ್ದರೆ ರೈತನು ಬೇಡವೆನ್ನಲೂಬಹುದು. ಆದರೆ ಅಡಿಕೆಯನ್ನು ಇನ್ನೂ ಕತ್ತರಿಸಿಯೇ ನೋಡಬೇಕು, ಬೆಲೆಯನ್ನು ನಮೂದಿಸುವ ಬೆರಳಿಗೆ ಮೊದಲು ಚೊಗರಿನ ಬಣ್ಣ ಹತ್ತಬೇಕು.

ಇಷ್ಟೆಲ್ಲ ಕಟ್ಟಳೆಗಳು ಪ್ರಾಂಗಣದ ಗೇಟಿನಿಂದ ಈಚೆಗೆ. ತೋಟದಲ್ಲಿ ನಡೆಯುವ ಖೇಣಿಯು ಇವಕ್ಕೆ ಸಿಕ್ಕುವುದಿಲ್ಲ. ಗೊನೆಗಳು ಇನ್ನೂ ಮರದ ಮೇಲಿರುವಾಗಲೇ ಖೇಣಿದಾರನು ಬಂದು, ಕತ್ತೆತ್ತಿ ಸಾಲುಸಾಲು ನೋಡಿ, ಇಡೀ ತೋಟಕ್ಕೆ ಇಷ್ಟೆಂದೋ ಹಸಿ ಅಡಿಕೆಯ ಕ್ವಿಂಟಲಿಗೆ ಇಷ್ಟೆಂದೋ ಮಾತು ಮುಗಿಸಿ, ಮುಂಗಡವನ್ನು ಕೊಟ್ಟು ಹೋಗುವನು. ಕೊಯ್ಯುವ, ಸುಲಿಯುವ, ಬೇಯಿಸುವ ಕೂಲಿಯಾಳುಗಳ ತಾಪತ್ರಯವೆಲ್ಲ ಆ ಮೇಲೆ ಅವನದು. ಆಳುಗಳು ದೊರೆಯದ ಈ ದಿನಗಳಲ್ಲಿ ಶಿಕಾರಿಪುರದ ಹೊಸ ತೋಟಗಳ ಒಡೆಯರಿಗೆ ಇದು ಹಿತವೆನಿಸಿದರೆ ಆಶ್ಚರ್ಯವಿಲ್ಲ. ಧಾರಣೆ ಏರಿದ ವರ್ಷ ರೈತನೂ, ಇಳಿದ ವರ್ಷ ಖೇಣಿದಾರನೂ ಮಾತಿಗೆ ತಪ್ಪಲು ದಾರಿ ಹುಡುಕುವುದೂ ಉಂಟು. ಅಂಥ ತೋಟದ ಅಡಿಕೆಯು ಮುಂದೆ ಮಂಡಿಗೆ ಹೋಗಿ ಲಾಟಿನ ನಂಬರು ಪಡೆದಾಗ, ಟೆಂಡರಿನ ಬೆಲೆಗಾಗಿ ಕಾಯುವವನು ಬೆಳೆದವನಲ್ಲ, ಖೇಣಿದಾರನು.