ಪಂಚಾಂಗದಿಂದ ಹೊರಬಿದ್ದ ಫಿಲೋಮಿನಮ್ಮ

1961ರ ಫೆಬ್ರವರಿಯಲ್ಲಿ ರೋಮ್‌ನಿಂದ ಒಂದು ಆದೇಶ ಹೊರಟಿತು: ಕಥೋಲಿಕ ಧರ್ಮಸಭೆಯ ಯಾವ ಪಂಚಾಂಗದಲ್ಲೂ ಇನ್ನು ಸಂತ ಫಿಲೋಮಿನಾಳ ಹಬ್ಬ ಇರಕೂಡದು. ಅಷ್ಟು ಹೊತ್ತಿಗೆ ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಆಕೆಯ ದೇವಾಲಯದ ಜೋಡಿ ಗೋಪುರಗಳು 175 ಅಡಿ ಎತ್ತರಕ್ಕೆ ಎದ್ದು ನಿಂತಾಗಿತ್ತು. 1946ರಲ್ಲಿ ಶುರುವಾದ ಫಿಲೋಮಿನಾ ಕಾಲೇಜಿನಿಂದ ಎಷ್ಟೋ ಹುಡುಗರು ಓದಿ ಹೊರಬಿದ್ದಿದ್ದರು.

ರೋಮ್‌ನ ಅನುಮಾನಕ್ಕೆ ಕಾರಣವಿತ್ತು. 1802ರ ಮೇ ತಿಂಗಳಲ್ಲಿ ಅಲ್ಲಿನ ಪ್ರಿಸಿಲ್ಲಾ ಭೂಗತ ಸಮಾಧಿಗಳಲ್ಲಿ ಒಂದು ಗೂಡು ಸಿಕ್ಕಿತು. ಬಾಯಿಗೆ ಮುಚ್ಚಿದ್ದ ಮೂರು ಹೆಂಚುಗಳ ಮೇಲೆ ಅಕ್ಷರಗಳಿದ್ದವು. ಇದ್ದಂತೆಯೇ ಓದಿದರೆ ಅರ್ಥವಾಗುತ್ತಿರಲಿಲ್ಲ. ಮೊದಲ ಹೆಂಚನ್ನು ಕೊನೆಗೆ ಸರಿಸಿದರೆ ‘ನಿನಗೆ ಶಾಂತಿ, ಫಿಲೋಮಿನಾ’ ಎಂದಾಗುತ್ತಿತ್ತು. ಒಳಗಿದ್ದದ್ದು ಹದಿಹರೆಯದ ಹುಡುಗಿಯೊಬ್ಬಳ ಎಲುಬು, ಪಕ್ಕದಲ್ಲೊಂದು ಗಾಜಿನ ಕುಡಿಕೆ. ಉಳಿದ ಕಥೆ, ಅಂದರೆ ಗ್ರೀಕ್ ರಾಜಕುಮಾರಿ, ಚಕ್ರವರ್ತಿಗೆ ಒಲ್ಲೆನೆಂದು ಪ್ರಾಣ ಕೊಟ್ಟವಳು ಎಂಬುದೆಲ್ಲ, ಇಟಲಿಯ ಸನ್ಯಾಸಿನಿಯೊಬ್ಬರು ಕಂಡ ದರ್ಶನದಿಂದ ಬಂದದ್ದು. ಹೆಂಚುಗಳು ಬೇರೆ ಸಮಾಧಿಯವು, ಯಾರೋ ಮರುಬಳಕೆ ಮಾಡಿದ್ದಾರೆ ಎಂದು ಇಪ್ಪತ್ತನೇ ಶತಮಾನದ ಆರಂಭದಲ್ಲೇ ಪುರಾತತ್ವಜ್ಞ ಒರಾಜಿಯೊ ಮರುಕಿ ವಾದಿಸಿದ್ದರು. ಚರಿತ್ರೆಯ ಲೆಕ್ಕದಲ್ಲಿ ಅವರ ಮಾತಿಗೆ ತೂಕವಿದೆ.

ಇಷ್ಟು ದೂರದ ಈ ಹುಡುಗಿಗೂ ಮೈಸೂರಿಗೂ ಗಂಟುಬಿದ್ದದ್ದು ಹೇಗೆ? ಆಗ ಮೈಸೂರು ಸೀಮೆಯ ಕಥೋಲಿಕರ ಹೊಣೆ ಪ್ಯಾರಿಸ್‌ನ ವಿದೇಶೀ ಮಿಷನ್ ಸಂಘದ ಪಾದ್ರಿಗಳದ್ದು. ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನಲ್ಲಂತೂ ಫಿಲೋಮಿನಾ ಎಂದರೆ ಜನಕ್ಕೆ ಪ್ರಾಣ. ಆರ್ಸ್ ಎಂಬ ಹಳ್ಳಿಯ ಪಾದ್ರಿ ಜಾನ್ ವಿಯಾನ್ನಿ ತನ್ನಿಂದಾದ ಪವಾಡಗಳನ್ನೆಲ್ಲ ಆಕೆಯ ಲೆಕ್ಕಕ್ಕೇ ಬರೆಯುತ್ತಿದ್ದರು. ಮೈಸೂರಿನಲ್ಲಿ ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟಿಯವರು ಆಕೆಯ ಭಕ್ತರು. 1926ರಲ್ಲಿ ಅವರು ಪೋಪರ ಪ್ರತಿನಿಧಿ ಪೀಟರ್ ಪಿಸಾನಿಯವರಿಂದ ಆಕೆಯ ಪವಿತ್ರ ಅವಶೇಷವೊಂದನ್ನು ಪಡೆದು ಫಾದರ್ ಕೊಷೆಯವರ ಕೈಗಿತ್ತರು. ಅವಶೇಷ ಬಂತು, ಇನ್ನು ಅದಕ್ಕೊಂದು ಮನೆಯಾಗಬೇಕಲ್ಲ. ಪಾದ್ರಿಗಳು ನಾಲ್ವಡಿ ಕೃಷ್ಣರಾಜ ಒಡೆಯರ ಬಳಿ ಹೋದರು.

ಅರಮನೆಗೆ ಇದು ಹೊಸದೇನಲ್ಲ. ಈಗಿನ ದೇವಾಲಯದ ಜಾಗದಲ್ಲೇ 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದು ಚರ್ಚ್ ಕಟ್ಟಿಸಿಕೊಟ್ಟಿದ್ದರು; ಅದರ ಶಾಸನ ಸಕಲ ಲೋಕಗಳಿಗೂ ಒಬ್ಬನೇ ಒಡೆಯನಾದ ದೇವರ ಹೆಸರಿನಿಂದಲೇ ಆರಂಭವಾಗುತ್ತದೆ. 1933ರ ಅಕ್ಟೋಬರ್ 28ರಂದು ನಾಲ್ವಡಿಯವರು ಹೊಸ ದೇವಾಲಯಕ್ಕೆ ಅಡಿಗಲ್ಲಿಟ್ಟರು. ಈ ಕಟ್ಟಡ ದೇವರ ಕರುಣೆ, ಮನುಷ್ಯರ ಕೃತಜ್ಞತೆ ಎಂಬ ಜೋಡಿ ತಳಪಾಯದ ಮೇಲೆ ಏಳುತ್ತದೆ ಎಂಬರ್ಥದ ಮಾತನ್ನು ಅವತ್ತು ಆಡಿದರು. ನಕ್ಷೆ ಡಾಲಿ ಎಂಬ ಫ್ರೆಂಚರದು, ಮಾದರಿ ಜರ್ಮನಿಯ ಕಲೋನ್ ಕೆಥೆಡ್ರಲ್‌ನದು. ಹಿಂದೂ ದೊರೆಯ ಆಸರೆ, ಇಟಲಿಯ ಎಲುಬು, ಮೈಸೂರಿನ ಮಣ್ಣು. ಇಂಥ ಕೂಡಾವಳಿಯನ್ನು ಯಾವ ನಿಯಮದ ಪುಸ್ತಕವೂ ವಿಧಿಸಿರಲಾರದು.

ನಿಯಮಗಳೇನೂ ಕಡಿಮೆಯಿರಲಿಲ್ಲ. ಆ ಕಾಲದ ಮಕ್ಕಳಿಗೆ ಜ್ಞಾನೋಪದೇಶವೆಂದರೆ ಪ್ರಶ್ನೋತ್ತರದ ಬಾಯಿಪಾಠ. ಶುಕ್ರವಾರ ಮಾಂಸ ವರ್ಜ್ಯ, ಭಾನುವಾರ ಪೂಜೆ ತಪ್ಪಿಸಿದರೆ ಪಾಪ, ಆ ಪೂಜೆಯೂ ಲ್ಯಾಟಿನ್‌ನಲ್ಲಿ. ಆದರೆ ಮುಖ್ಯಪೀಠದ ಕೆಳಗಿನ ನೆಲಮಾಳಿಗೆಯದೇ ಬೇರೆ ಲೋಕ. ಮೆಟ್ಟಿಲಿಳಿದರೆ ಗೋಡೆಗಳು ಒತ್ತರಿಸಿದಂತೆ ಹತ್ತಿರವಾಗುತ್ತವೆ, ದನಿ ತಾನಾಗಿ ತಗ್ಗುತ್ತದೆ, ಎದುರಿಗೆ ಫಿಲೋಮಿನಾಳ ಪ್ರತಿಮೆ. ಇಳಿದು ಬರುವವರೆಲ್ಲ ಕ್ರೈಸ್ತರೇ ಅಲ್ಲ. ಹಣೆಯಲ್ಲಿ ಕುಂಕುಮವಿಟ್ಟವರೂ ಇದ್ದಾರೆ. ಮಗನ ಪರೀಕ್ಷೆ, ಮಗಳ ಮದುವೆ, ವಾಸಿಯಾಗದ ಕಾಯಿಲೆ: ನೆರೆಮನೆಯವಳ ಹತ್ತಿರ ಹೇಳಿಕೊಂಡಷ್ಟು ಸಲೀಸಾಗಿ ತುಟಿ ಅಲ್ಲಾಡುತ್ತದೆ. ಹೆಂಚಿನ ಜೋಡಣೆ ಸರಿಯೋ ತಪ್ಪೋ ಎಂಬುದನ್ನು ಇತ್ಯರ್ಥಮಾಡಿಕೊಂಡು ಇವರು ಬಂದದ್ದಲ್ಲ.

ಕನ್ನಡದ ಕಥೋಲಿಕರು ತಮ್ಮ ಧರ್ಮಶ್ರದ್ಧೆಗೆ ಬಳಸುವ ಪದ ‘ವಿಶ್ವಾಸ’. ಮೈಸೂರಿನ ಮಾತಿನಲ್ಲಿ ಅದಕ್ಕೆ ಇನ್ನೊಂದು ಅರ್ಥವಿದೆ. ‘ಆ ಎರಡು ಮನೆಯವರೂ ಬಹಳ ವಿಶ್ವಾಸ’ ಎಂದರೆ ಒಬ್ಬರ ಅಡುಗೆಮನೆಗೆ ಇನ್ನೊಬ್ಬರು ಕೇಳದೆ ಹೋಗಬಲ್ಲರು ಎಂದರ್ಥ. ನಿಯಮಕ್ಕೂ ನಂಟಿಗೂ ನಡುವೆ ದೈವಶಾಸ್ತ್ರ ಓದಿದವರು ಪುಟಗಟ್ಟಲೆ ವಿವರಿಸುವ ವ್ಯತ್ಯಾಸವನ್ನು ಈ ಒಂದು ಪದ ಸದ್ದಿಲ್ಲದೆ ಹೊತ್ತುಕೊಂಡು ಓಡಾಡುತ್ತಿದೆ.

ರೋಮ್‌ನ ಆದೇಶ ಕಟುವೇನೂ ಆಗಿರಲಿಲ್ಲ. ಹೆಸರು ಹೋದದ್ದು ಪಂಚಾಂಗದಿಂದ. ಭಕ್ತರು ಖಾಸಗಿಯಾಗಿ ಪ್ರಾರ್ಥಿಸುವುದನ್ನು ಯಾರೂ ತಡೆಯಲಿಲ್ಲ. ಮೈಸೂರಿನ ದೇವಾಲಯಕ್ಕೆ ಸಂತ ಜೋಸೆಫರ ಹೆಸರೂ ಉಂಟು, ಬೇಕಿದ್ದರೆ ಅದೊಂದನ್ನೇ ಉಳಿಸಿಕೊಳ್ಳಬಹುದಿತ್ತು. ಆದರೆ ಆಟೋದವನಿಗೆ ಇವತ್ತಿಗೂ ‘ಫಿಲೋಮಿನಾ ಚರ್ಚ್’ ಎಂದೇ ಹೇಳಬೇಕು. ರೋಮ್‌ನ ಪಂಚಾಂಗದಲ್ಲಿ ಆಗಸ್ಟ್ 11 ಈಗ ಅಸ್ಸಿಸಿಯ ಸಂತ ಕ್ಲಾರಳ ದಿನ. ಈ ಚರ್ಚಿರುವ ಅಶೋಕ ರಸ್ತೆಯಲ್ಲಿ ಮಾತ್ರ ಅದು ಫಿಲೋಮಿನಮ್ಮನ ಹಬ್ಬ.